ಎಡಗಡೆಯ ಗಿಟಾರು

ಮೂರನೆಯ ಆಲ್ಬಮ್ಮಿನ ಎರಡನೆಯ ಬದಿ ತಿರುಗಲು ಶುರುವಾಗಿ ಹತ್ತು ಸೆಕೆಂಡು ಆಗಿತ್ತು. ಹಲ್ಲಕ್ಕ ಮುಚ್ಚಿದ್ದ ಕಣ್ಣು ಬಿಟ್ಟಳು. ಎಡಗಡೆಯ ಗಿಟಾರು ಬರಲೇ ಇಲ್ಲ.

ಹಲ್ಲಕ್ಕ ಎಂದರೆ ಹಲ್ಲು ಕೀಳುವವಳಲ್ಲ. ದಂತವೈದ್ಯರು ತೆಗೆದು ಕಳಿಸಿದ ಬಾಯಿಯ ಅಚ್ಚನ್ನು ಎದುರಿಗಿಟ್ಟುಕೊಂಡು ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ ಕೂತವಳು. ಅಲ್ಲಿ ಅವಳಿಗೆ ಆ ಹೆಸರೇ ಅಂಟಿಕೊಂಡಿತ್ತು. ವಾರವಿಡೀ ಅವರಿವರ ಬಾಯಿಯ ಲೆಕ್ಕಾಚಾರದಲ್ಲಿ ಮುಳುಗಿರುತ್ತಿದ್ದವಳಿಗೆ ಭಾನುವಾರದ ಬೆಳಿಗ್ಗೆ ಒಂದೇ ತನ್ನದು. ಆಗ ಅವಳು ಗೋಡೆ ಬದಿಯ ಕುರ್ಚಿಯಲ್ಲಿ ಕೂತು, ಹೆಡ್‌ಫೋನು ಹಾಕಿಕೊಂಡು, ತನ್ನ ಮೆಚ್ಚಿನ ಗಿಟಾರು ವಾದಕನ ಆರು ಎಲ್‌ಪಿ ರೆಕಾರ್ಡುಗಳಲ್ಲಿ ಒಂದನ್ನು ಕೇಳುತ್ತಿದ್ದಳು. ಹೆಡ್‌ಫೋನು ಗಂಡನ ಸಲುವಾಗಿ. ವಾಚನಾಲಯದಲ್ಲಿ ಮೂವತ್ತು ವರ್ಷ 'ಶ್, ಮೆಲ್ಲಗೆ' ಎನ್ನುತ್ತಾ ಬಂದ ಮನುಷ್ಯ ಅವನು. ಮನೆಯಲ್ಲೂ ಪಿಸುಮಾತಿಗಿಂತ ಒಂದೇ ಮೆಟ್ಟಿಲು ಮೇಲೆ ಮಾತಾಡುತ್ತಿದ್ದ. ಹೆಂಡತಿಯ ಮೆಚ್ಚಿನ ಸಂಗೀತಗಾರನಿಗೆ ಅವನು 'ಗರಗಸದಯ್ಯ' ಎಂದು ಹೆಸರಿಟ್ಟಿದ್ದ.

ಗರಗಸವೆಂದರೆ ಗರಗಸವೇ. ಆದರೆ ಎಂಥ ಗರಗಸ! ಮೊದಲನೆಯ ಆಲ್ಬಮ್ಮನ್ನು ಯಾವುದೋ ಶೆಡ್ಡಿನಲ್ಲಿ ಧ್ವನಿಮುದ್ರಿಸಿದ್ದರು. ಹಾಡಿಗೆ ಮುಂಚೆ ಆಂಪ್ಲಿಫೈಯರಿನ ಗುಂಯ್‌ಗುಟ್ಟುವಿಕೆ, ಅದರ ಹಿಂದೆ ಯಾರದೋ ಒಂದು ಕೆಮ್ಮು. ಆ ಕೆಮ್ಮನ್ನೂ ಅವಳು ಹಾಡಿನ ಪಾಲೆಂದೇ ಪ್ರೀತಿಸುತ್ತಿದ್ದಳು. ನಾಲ್ಕನೆಯದು ಅಂಗಡಿಗಳಲ್ಲಿ ದೂಳು ತಿಂದಿತು. ಅಬ್ಬರ ಕೇಳಲು ಬಂದವರಿಗೆ ಅವನು ಅದರಲ್ಲಿ ನಿಧಾನವನ್ನು ಬಡಿಸಿದ್ದ. ತಂತಿಯ ಮೇಲೆ ಬೆರಳು ಜಾರುವ ಕಿರ್ ಎಂಬ ಸದ್ದೂ ಕೇಳುತ್ತಿತ್ತು. ಮೂರನೆಯದರಲ್ಲಿ ಎರಡು ಗಿಟಾರು, ಎರಡನ್ನೂ ನುಡಿಸಿದವನು ಅವನೇ. ಒಂದೇ ಅಡುಗೆಮನೆಯಲ್ಲಿ ಇಬ್ಬರು ಓರಗಿತ್ತಿಯರು ಜಗಳಕ್ಕೆ ನಿಂತಂತೆ ಎಡಗಡೆಯದು ಕೆಣಕುವುದು, ಬಲಗಡೆಯದು ತಿರುಗಿ ಬೀಳುವುದು.

ಈ ಭಾನುವಾರ ಬಲಗಡೆಯವಳು ಒಬ್ಬಳೇ ಯಾರಿಗೋ ಎದುರುತ್ತರ ಕೊಡುತ್ತಿದ್ದಳು.

ಸೂಜಿಗೆ ಕಸ ಸಿಕ್ಕಿರಬೇಕು ಎಂದುಕೊಂಡು ಹಲ್ಲಕ್ಕ ಮೆತ್ತನೆಯ ಕುಂಚದಿಂದ ಒರೆಸಿದಳು. ಬರಲಿಲ್ಲ. ವೈರು ಕಿತ್ತು ಮತ್ತೆ ಸಿಕ್ಕಿಸಿದಳು. ಬರಲಿಲ್ಲ. ಹೆಡ್‌ಫೋನಿನ ಒಂದು ಬಟ್ಟಲು ಕೆಟ್ಟಿರಬೇಕೆಂದು ಅದನ್ನು ತಿರುವು ಮುರುವು ಹಾಕಿಕೊಂಡಳು. ಈಗ ಕಳೆದುಹೋಗಿದ್ದ ಗಿಟಾರು ಬಲಗಿವಿಯಲ್ಲಿ ಸ್ಪಷ್ಟವಾಗಿ, ಖಾರವಾಗಿ ಕೇಳಿಸಿತು. ಇಷ್ಟು ಹೊತ್ತು ಕೇಳುತ್ತಿದ್ದುದು ಮಾಯವಾಗಿತ್ತು.

ಯಂತ್ರ ಸರಿಯಿದೆ. ವೈರು ಸರಿಯಿದೆ. ಸರಿಯಿಲ್ಲದ್ದು ಅವಳ ತಲೆಯ ಎಡಗಡೆ.

"ರೀ, ಸ್ವಲ್ಪ ಇಲ್ಲಿ ಬನ್ನಿ. ಇದು ಎರಡೂ ಕಡೆ ಬರುತ್ತಾ ನೋಡಿ."

ಗಂಡ ಹೆಡ್‌ಫೋನು ಹಾಕಿಕೊಂಡು ಮುಖ ಹಿಂಡಿದ. "ಎರಡೂ ಕಡೆ ಚೆನ್ನಾಗೇ ಕುಯ್ತಿದಾನೆ. ಯಾಕೆ?"

"ಏನಿಲ್ಲ. ಸುಮ್ನೆ ಕೇಳಿದೆ."

ಯಾಕೆ ಮುಚ್ಚಿಟ್ಟಳೋ ಅವಳಿಗೇ ತಿಳಿಯದು. ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ ಇರಬೇಕು. ಕಿವಿಯಲ್ಲಿ ಗುಗ್ಗೆ ತುಂಬಿರಬೇಕು, ನೆಗಡಿ ಇರಬೇಕು, ನಾಳೆ ಸರಿಹೋಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಸೋಮವಾರ ಸರಿಹೋಗಲಿಲ್ಲ. ಲ್ಯಾಬಿನಲ್ಲಿ ಕಟ್ಟುಹಲ್ಲು ಉಜ್ಜಿ ನಯಮಾಡುವ ಸಣ್ಣ ಯಂತ್ರದ ಚೀರಾಟ ಅರ್ಧವಾಗಿತ್ತು. ಉಳಿದರ್ಧದಲ್ಲಿ ದೂರದ ನಲ್ಲಿಯಲ್ಲಿ ಗಾಳಿ ಬಂದಂತೆ ಒಂದು ಸುಂಯ್ ಸದ್ದು. ಇಪ್ಪತ್ತಾರು ವರ್ಷದ ಆ ಚೀರಾಟವೇ ಕಿವಿ ತಿಂದಿತೋ, ಗರಗಸದಯ್ಯನೇ ತಿಂದನೋ ಎಂದು ಅವಳ ಮನಸ್ಸು ಒಂದೇ ಸಮನೆ ಕೊರೆಯುತ್ತಿತ್ತು. ಸಂಜೆ ಅರ್ಧ ರಸ್ತೆ ದಾಟಿ, ನಡುವಿನ ಕಟ್ಟೆಯಿಂದ ಮುಂದಕ್ಕೆ ಹೆಜ್ಜೆ ಇಟ್ಟಳು. ಯಾರೋ ತೋಳು ಹಿಡಿದು ರಪ್ಪನೆ ಹಿಂದಕ್ಕೆಳೆದರು. ಎಡಗಡೆಯಿಂದ ಬಂದ ಲಾರಿಯೊಂದು ಮೂಗಿನ ಮುಂದೆಯೇ ಹಾದುಹೋಯಿತು. "ಅಷ್ಟೊಂದು ಹಾರ್ನ್ ಹೊಡೀತಿದ್ದಾನಲ್ಲಮ್ಮ, ಎಲ್ಲಿತ್ತು ಜ್ಞಾನ?" ಎಂದು ಆ ಅಪರಿಚಿತ ಬೈದ. ಹಾರ್ನು ಅವಳಿಗೆ ಕೇಳಿಸಿತ್ತು. ಆದರೆ ಅದು ಬಲಗಡೆಯಿಂದ ಬರುತ್ತಿದೆ ಎಂದುಕೊಂಡು ಆ ಕಡೆಗೇ ನೋಡುತ್ತಿದ್ದಳು. ಮನೆಗೆ ಬಂದ ಮೇಲೂ ಗಂಡನಿಗೆ ಹೇಳಲಿಲ್ಲ.

ಗುಟ್ಟು ರಟ್ಟಾದದ್ದು ಮಂಗಳವಾರ ಬೆಳಿಗ್ಗೆ. ಬಲಗಿವಿ ದಿಂಬಿಗೆ ಕೊಟ್ಟು ಮಲಗಿದ್ದವಳನ್ನು ಗಂಡ ಭುಜ ಹಿಡಿದು ಅಲುಗಾಡಿಸಿದ. ಕಣ್ಣು ಬಿಟ್ಟಾಗ ಅವನ ತುಟಿ ಅಲ್ಲಾಡುತ್ತಿತ್ತು, ಸದ್ದಿಲ್ಲ. ತಲೆ ಎತ್ತಿದ ಮೇಲೆ ಪಕ್ಕದಲ್ಲೇ ಅಲಾರಂ ಕೂಗುತ್ತಿರುವುದು ಕೇಳಿಸಿತು.

"ಐದು ನಿಮಿಷದಿಂದ ಬಡ್ಕೋತಾ ಇದೆ. ಕೇಳಿಸ್ಲಿಲ್ವಾ?"

ಅವಳು ಎದ್ದು ಕೂತು ಎಲ್ಲವನ್ನೂ ಹೇಳಿಬಿಟ್ಟಳು. ಗಂಡ ಅಲಾರಮ್ಮಿನ ತಲೆ ಒತ್ತಿ ನಿಲ್ಲಿಸಿದ.

"ಮದುವೆ ಆದಾಗಿಂದ ನನ್ನ ಮಾತು ನಿನ್ನ ಕಿವಿಗೆ ಬಿದ್ದೇ ಇಲ್ಲ. ಈಗ ನಿಜವಾಗ್ಲೂ ಬೀಳ್ತಿಲ್ಲ ಅಂತ ನಾನು ಹೇಗೆ ಕಂಡುಹಿಡೀಲಿ?" ಎಂದ. ನಗಿಸಲು ಹೇಳಿದ ಮಾತು. ಅಂಗಿಯ ಗುಂಡಿಗಳನ್ನು ಅವನು ಒಂದೊಂದು ತೂತು ತಪ್ಪಿಸಿ ಹಾಕಿಕೊಳ್ಳುತ್ತಿದ್ದುದನ್ನು ಅವಳು ನೋಡಿದಳು. ಅಷ್ಟಕ್ಕೇ ಅವಳ ಹೆದರಿಕೆ ಇಮ್ಮಡಿಯಾಯಿತು.

ಕಿವಿ ಆಸ್ಪತ್ರೆಯಲ್ಲಿ ಮೊದಲು ಒಂದು ಪುಟ್ಟ ಗಾಜಿನ ಕೋಣೆಯಲ್ಲಿ ಕೂರಿಸಿದರು. ಪರೀಕ್ಷೆ ಮಾಡುವ ಹೆಂಗಸು ಅವಳ ಕೈಗೆ ಒಂದು ಗುಂಡಿ ಕೊಟ್ಟು, ಶಬ್ದ ಎಷ್ಟೇ ಸಣ್ಣದಾಗಿ ಕೇಳಿಸಿದರೂ ಒತ್ತಿ ಎಂದಳು. ಬಲಗಿವಿ ಸಲೀಸಾಗಿ ಮುಗಿಯಿತು. ಆಮೇಲೆ ಎಡಗಿವಿ. ಹಲ್ಲಕ್ಕ ಉಸಿರು ಬಿಗಿಹಿಡಿದು ಕಾದಳು. ಏನೂ ಇಲ್ಲ. ಇದ್ದಕ್ಕಿದ್ದಂತೆ ಎಲ್ಲೋ ಆಳದಲ್ಲಿ ಪೀಂ ಎಂದಂತಾಯಿತು, ಒತ್ತಿದಳು. ಮತ್ತೆ ಪೀಂ, ಒತ್ತಿದಳು. ಜೀವ ಬಂದಂತಾಗಿ ಎಡೆಬಿಡದೆ ಒತ್ತತೊಡಗಿದಳು. ಬಾಗಿಲು ತೆರೆಯಿತು.

"ಅಮ್ಮಾ," ಎಂದಳು ಆ ಹೆಂಗಸು ಮೆತ್ತಗೆ, "ನಾನಿನ್ನೂ ಶಬ್ದ ಹಾಕೇ ಇಲ್ಲ."

ಡಾಕ್ಟರು ಸುತ್ತಿಬಳಸಲಿಲ್ಲ. "ಒಳಗಿವಿಗೆ ಏಟು ಬಿದ್ದಿದೆ. ಯಾಕೆ ಅಂತ ಬಹಳ ಸಲ ನಮಗೂ ಗೊತ್ತಾಗಲ್ಲ. ಎರಡೇ ದಿನಕ್ಕೆ ಬಂದಿದ್ದೀರಿ, ಅದು ಒಳ್ಳೇದಾಯ್ತು. ಮಾತ್ರೆ ಇವತ್ತೇ ಶುರು ಮಾಡೋಣ. ಕೆಲವರಿಗೆ ಪೂರ್ತಿ ವಾಪಸ್ ಬರುತ್ತೆ, ಕೆಲವರಿಗೆ ಅರ್ಧ, ಕೆಲವರಿಗೆ ಬರೋದೇ ಇಲ್ಲ."

"ನಾನು ಯಾವ ಗುಂಪು?"

"ಎರಡು ವಾರ ಬಿಟ್ಟು ಹೇಳ್ತೀನಿ. ಅಷ್ಟರಲ್ಲಿ ತಲೆಗೊಂದು ಸ್ಕ್ಯಾನ್ ಮಾಡಿಸಿ. ನರದ ಮೇಲೆ ಗಡ್ಡೆ ಏನೂ ಇಲ್ಲ ಅಂತ ಖಚಿತ ಮಾಡ್ಕೋಬೇಕು."

ಗಡ್ಡೆ ಎಂಬ ಮಾತು ಬಂದ ಮೇಲೆ ಉಳಿದದ್ದು ಅವಳ ಒಳ್ಳೆಯ ಕಿವಿಗೂ ಇಳಿಯಲಿಲ್ಲ. ಗಂಡ ಗಂಟಲು ಸರಿಮಾಡಿಕೊಂಡ. ಈಗ ಗರಗಸದಯ್ಯನ ವಿಷಯ ತೆಗೆಯುತ್ತಾನೆ, ನಾನು ಆಗಲೇ ಹೇಳಿದ್ದೆ ಎನ್ನುತ್ತಾನೆ ಎಂದು ಅವಳು ತಲೆ ತಗ್ಗಿಸಿದಳು.

"ಇವಳು ಗಿಟಾರ್ ರೆಕಾರ್ಡ್ ಕೇಳ್ತಾಳೆ ಡಾಕ್ಟ್ರೇ," ಎಂದ ಅವನು. "ಅದನ್ನ ನಿಲ್ಲಿಸ್ಬೇಡಿ ಅಂತ ಕೇಳ್ಕೊಳ್ಳೋಣ ಅಂತ."

ಡಾಕ್ಟರು ನಕ್ಕರು. "ಜೋರಾಗಿ ಕೇಳೋದು ಯಾವ ಕಿವಿಗೂ ಒಳ್ಳೇದಲ್ಲ. ಆದ್ರೆ ಒಂದೇ ಕಿವಿ ಒಂದೇ ಬೆಳಿಗ್ಗೆ ಹೀಗೆ ಕೈಕೊಡೋದು ಸಾಮಾನ್ಯವಾಗಿ ಅದರಿಂದ ಅಲ್ಲ. ಸಣ್ಣದಾಗಿ ಕೇಳಲಿ."

ಸ್ಕ್ಯಾನು ಗುರುವಾರ. ಆ ಕೊಳವೆಯೊಳಗೆ ಮಲಗಿ ಅಲುಗಾಡಬಾರದು ಎಂದಿದ್ದರು. ಮುಚ್ಚಳ ಹಾಕಿದಂತೆ ಮೂಗಿನ ಮೇಲೆಯೇ ಬಿಳಿಯ ಛಾವಣಿ. ಯಂತ್ರ ಧಡ್ ಧಡ್ ಎಂದು ಬಡಿಯತೊಡಗಿದಾಗ ಅವಳಿಗೆ ಎದ್ದು ಓಡಬೇಕೆನಿಸಿತು. ಸಹಾಯಕ್ಕೆ ಕರೆಯಲೆಂದು ಕೈಗೆ ಕೊಟ್ಟಿದ್ದ ಗುಂಡಿಯನ್ನು ಇನ್ನೇನು ಹಿಸುಕಬೇಕು, ಅಷ್ಟರಲ್ಲಿ ತನಗೇ ತಿಳಿಯದಂತೆ ನಾಲ್ಕನೆಯ ಆಲ್ಬಮ್ಮನ್ನು ಮನಸ್ಸಿನಲ್ಲಿ ಹಾಕಿಕೊಂಡಳು. ಮೊದಲು ಸೂಜಿ ತಟ್ಟೆಗೆ ಇಳಿದು ಚಿಟಪಟ ಎನ್ನುವುದು. ಆಮೇಲೆ ಆ ನಿಧಾನದ ಹಾಡು, ಪ್ರತಿ ಸ್ವರದ ಕೊನೆಯಲ್ಲಿ ಅವನು ತಂತಿಯನ್ನು ಎಳೆದು ಬಿಡುವ ರೀತಿ, ಬೆರಳು ಜಾರುವ ಕಿರ್ ಸದ್ದು. ಮನಸ್ಸಿನಲ್ಲಿ ಎರಡೂ ಕಡೆ ತುಂಬಿ ಬಂತು, ಒಂದು ಎಳೆಯೂ ತಪ್ಪಿರಲಿಲ್ಲ. ಕಣ್ಣಿನಿಂದ ನೀರು ಹರಿದು ಕಿವಿಗೆ ಇಳಿಯಿತು. ಒರೆಸಿಕೊಳ್ಳಲು ಕೈ ಎತ್ತುವಂತಿರಲಿಲ್ಲ. ಮೊದಲ ಬದಿ ಮುಗಿಯುವುದಕ್ಕೂ ಅವರು ಅವಳನ್ನು ಹೊರಗೆಳೆಯುವುದಕ್ಕೂ ಸರಿಹೋಯಿತು.

ಗಡ್ಡೆ ಇರಲಿಲ್ಲ. ಶನಿವಾರ ವರದಿ ಕೈಗೆ ಬಂದಾಗ ಗಂಡ ಅದನ್ನು ವಾಚನಾಲಯದ ಪತ್ರಿಕೆಯಂತೆ ಮೂರು ಸಲ ಓದಿದ.

ಎರಡು ವಾರ ಅವಳು ರೆಕಾರ್ಡು ಮುಟ್ಟಲಿಲ್ಲ. ಹಾಕಿದರೆ ಗೊತ್ತಾಗಿಬಿಡುತ್ತದಲ್ಲ! ಮಾತ್ರೆಗೆ ನಿದ್ದೆ ಕೆಟ್ಟಿತು, ಮುಖ ಊದಿತು, ಸಣ್ಣ ಮಾತಿಗೂ ಸಿಡುಕು. ಎರಡನೆಯ ಸಲ ಗಾಜಿನ ಕೋಣೆಯಲ್ಲಿ ಕೂತಾಗ ಶಬ್ದ ಕೇಳಿಸಿದರೂ ಗುಂಡಿ ಒತ್ತಲು ಧೈರ್ಯವಾಗಲಿಲ್ಲ. ಪರೀಕ್ಷೆಯ ಹೆಂಗಸೇ ಗಾಜಿನಾಚೆಯಿಂದ ತಲೆಯಾಡಿಸಿ ಒತ್ತಿಸಿದಳು. ತಗ್ಗು ಸ್ವರದ ಶಬ್ದಗಳು ಬಹುಮಟ್ಟಿಗೆ ಮರಳಿದ್ದವು. ಮೇಲು ಸ್ವರದವು ಬಂದಿರಲಿಲ್ಲ, ಇನ್ನು ಬರುವ ಹಾಗೂ ಕಾಣಲಿಲ್ಲ. ಡಾಕ್ಟರು ಅವಳನ್ನು ಅರ್ಧದ ಗುಂಪಿಗೆ ಸೇರಿಸಿದರು.

ಆ ವಾರ ಅವಳು ಆರೂ ಆಲ್ಬಮ್ಮುಗಳನ್ನು ಕ್ರಮವಾಗಿ, ಸಣ್ಣದಾಗಿ ಕೇಳಿದಳು. ಎಡಗಡೆಯ ಗಿಟಾರು ಕಂಬಳಿ ಹೊದ್ದು ಮಾತಾಡುವವರಂತೆ ಕೇಳಿಸಿತು. ಅದರ ಖಾರವೆಲ್ಲ ಹೋಗಿತ್ತು, ಗುಡುಗು ಉಳಿದಿತ್ತು. ಇದೇ ಸಾಕೆನ್ನಲು ಅವಳ ಮನಸ್ಸು ಒಪ್ಪಲಿಲ್ಲ. ಸಾಲದು ಎನ್ನಲು ಭಯ.

ಭಯ ಈಗಲೂ ಬಿಟ್ಟಿಲ್ಲ. ಇನ್ನೊಂದು ಕಿವಿಗೂ ಹೀಗಾಗಬಹುದೇ ಎಂದು ಕೇಳಿದಾಗ ಡಾಕ್ಟರು "ಬಹಳ ಅಪರೂಪ" ಎಂದರೇ ಹೊರತು ಇಲ್ಲವೇ ಇಲ್ಲ ಎನ್ನಲಿಲ್ಲ. ಹಾಗಾಗಿ ದಿನವೂ ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಹಲ್ಲಕ್ಕ ಹೆಬ್ಬೆರಳು ತೋರುಬೆರಳನ್ನು ಬಲಗಿವಿಯ ಹತ್ತಿರ ಉಜ್ಜಿ ಸದ್ದು ಬರುತ್ತದೆಯೇ ಎಂದು ನೋಡುತ್ತಾಳೆ, ಆಮೇಲೆ ಎಡಗಿವಿಯ ಹತ್ತಿರ. ಗಂಡ ಇದನ್ನು ಕೆಲವು ದಿನ ನೋಡಿಯೂ ನೋಡದವನಂತೆ ಇದ್ದ. ಈಗ ಅವಳ ಬಲಕ್ಕೆ, ಒಳ್ಳೆಯ ಕಿವಿಯ ಕಡೆಗೆ, ಬಂದು ಮಲಗುತ್ತಾನೆ.

"ಬಂತಾ?" ಎನ್ನುತ್ತಾನೆ, ಎಂದಿನ ಪಿಸುದನಿಯಲ್ಲೇ.

"ಬಂತು," ಎಂದು ಹೇಳಿ ಅವಳು ಎದ್ದು ಕೂರುತ್ತಾಳೆ.