ಹೊಸ್ತಿಲ ಕಲ್ಲು

ಅಡ್ಡಗೋಡೆಗೆ ಒಂದು ಫರಸಿಕಲ್ಲು ಕಡಿಮೆ ಬಿತ್ತು.

ಮುಚ್ಚಿದ ಕಾರ್ಖಾನೆಯ ಹಳೆಯ ಕ್ವಾರ್ಟರ್ಸು ಅದು. ಮನೆಯಿಲ್ಲದವರಿಗೆ ಹಂಚುವಾಗ ಒಂದೊಂದು ಕೋಣೆ ಎರಡೆರಡು ಸಂಸಾರದ ಪಾಲಿಗೆ ಬಂದಿತ್ತು. ಬಾಗಿಲು ಮಾತ್ರ ಒಂದೇ. ಸಂಘಪಾಲ ನಡುವೆ ಎದೆಯೆತ್ತರಕ್ಕೆ ಫರಸಿ ನಿಲ್ಲಿಸುತ್ತಿದ್ದ. ಈ ಕಡೆ ಅವನು, ಹೆಂಡತಿ ಯಶೋಧರಾ, ಮಕ್ಕಳು. ಆ ಕಡೆ ರಶೀದಾಬೇಗಂ ಮತ್ತು ಮಗಳು ರುಕ್ಸಾರ್.

ಇವೇ ಫರಸಿಗಳನ್ನು ಅವನು ಮೊನ್ನೆ ಮನೆ ಕಟ್ಟಲೆಂದು ಭಂಕೂರಿನ ದಾರಿಯ ಬೇವಿನ ತೋಪಿನಲ್ಲಿ ನೆಟ್ಟಿದ್ದ. ಕಲ್ಲು ನೆಟ್ಟವನದೇ ಜಾಗ ಎಂದು ಶಹಾಬಾದದವರ ನಂಬಿಕೆ. ಅರಣ್ಯ ಇಲಾಖೆಗೆ ಆ ನಂಬಿಕೆ ಇರಲಿಲ್ಲ. ಗಾರ್ಡ್ ಬೈದು ಕೀಳಿಸಿದ. ಅವನು ಬೈದದ್ದು ತಪ್ಪೆಂದು ಯಶೋಧರಾಗೂ ಅನಿಸಲಿಲ್ಲ. ಬೇಸಿಗೆಯಲ್ಲಿ ಕಲ್ಲಿನ ಖಣಿಯಿಂದ ಬರುವಾಗ ಆ ನೆರಳಲ್ಲೇ ಕೂತು ನೀರು ಕುಡಿದವಳು ಅವಳು. ಆದರೆ ಅದುವರೆಗೆ ಮೈದುನನ ಸಂಸಾರದ ಜೊತೆ ಒಂದೇ ಕೋಣೆಯಲ್ಲಿ ಬಾಳಿ ಸಾಕಾಗಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಅಲ್ಲಿ ಹಾಸಿಗೆ ಬಿಚ್ಚಲಿಕ್ಕೇ ಜಾಗವಿರಲಿಲ್ಲ. ತನ್ನದೇ ಒಂದು ಬಾಗಿಲು ಬೇಕಿತ್ತು ಅವಳಿಗೆ, ಅಷ್ಟೇ.

"ಇನ್ನೊಂದು ಕಲ್ಲು ಅದ ಅಲ್ಲರಿ," ಎಂದಳು ಯಶೋಧರಾ.

ಚೀಲದಲ್ಲಿ ಸುತ್ತಿಟ್ಟಿದ್ದ ಆ ಕಲ್ಲು ಅವರ ಮನೆಗೆ ಹೊಸ್ತಿಲಾಗಬೇಕಾದದ್ದು. ತಾನು ದುಡಿಯುವಲ್ಲಿ ಕಲ್ಲಿನ ಪಾಲಿಶ್ ಯಂತ್ರ ಬಿಡುವಾದಾಗಲೆಲ್ಲ ಸಂಘಪಾಲ ಅದರ ಒಂದು ಮುಖವನ್ನು ಕನ್ನಡಿಯ ಹಾಗೆ ಉಜ್ಜಿದ್ದ.

"ಅದು ಹೊಸ್ತಿಲಿಗಿ ಇಟ್ಟದ್ದು," ಎಂದ.

"ಹೊಸ್ತಿಲಿಗಿ ಮೊದಲ ಮನಿ ಬೇಕಲ್ಲರಿ. ತಗೀರಿ."

ಆ ಕಡೆಯಿಂದ ರಶೀದಾಬೇಗಂ ಅಂದಳು: "ಬ್ಯಾಡ್ರಿ ಭಾಯಿ, ಆ ಸಂದಿಗಿ ನಾ ಚೀಲ ಕಟ್ಟತೀನಿ. ಕಲ್ಲು ಇಟಗೋರಿ. ನಾಳಿ ಮನಿ ಆದ್ರ ಬೇಕಾಗ್ತದ."

ನಾಳೆ ಎಂಬ ಮಾತಿಗೆ ಯಶೋಧರಾಗೆ ಅಳು ಬಂತು. ಅಳುವಷ್ಟು ತ್ರಾಣ ಇರಲಿಲ್ಲ. ತಾನೇ ಹೋಗಿ ಚೀಲ ಬಿಚ್ಚಿದಳು.

ಗಂಡಹೆಂಡತಿ ಕೂಡಿ ಕಲ್ಲನ್ನು ಸಂದಿಯಲ್ಲಿ ನಿಲ್ಲಿಸಿದರು. ನುಣುಪು ಮುಖ ತಮ್ಮ ಕಡೆಗಿತ್ತು.

"ತಿರುಗಸ್ರಿ," ಎಂದಳು.

"ಯಾಕ? ಕಲ್ಲು ನಮ್ದು."

"ಈ ಕಡಿ ಇದ್ರ ದಿನಾ ನೋಡಬೇಕಾಗ್ತದ."

ಸಂಘಪಾಲ ಕಲ್ಲು ತಿರುಗಿಸಿದ. ಬುಡಕ್ಕೆ ಸಿಮೆಂಟು ಮೆತ್ತಿ ಕೈ ತೊಳೆಯಲು ಹೊರಗೆ ಹೋದ.

ಸಿಮೆಂಟು ಹಿಡಿಯುವತನಕ ಕಲ್ಲು ವಾಲದಂತೆ ಯಾರಾದರೂ ಆತುಕೊಂಡಿರಬೇಕು. ಯಶೋಧರಾ ಅದರ ಒರಟು ಮೈಗೆ ಬೆನ್ನು ಕೊಟ್ಟು ಕೂತಳು. ಆ ಕಡೆ ರುಕ್ಸಾರ್ ಕಲ್ಲಿನ ನುಣುಪು ಮುಖದ ಮುಂದೆ ಕೂತು ತಲೆ ಬಾಚಿಕೊಳ್ಳತೊಡಗಿದಳು. ಬಾಚಣಿಗೆಯ ಸದ್ದು ಈ ಕಡೆಗೂ ಕೇಳುತ್ತಿತ್ತು.