ಕೊಸರಿಗೆ ಬಂದ ಕೋಟೆ

ನನ್ನ ಕೋಟೆಗೆ ಇನ್ನು ಮೂರೇ ದಿನದ ಆಯುಸ್ಸು ಎಂದು ಕಂಪನಿಯವರು ಇಮೇಲ್ ಕಳಿಸಿದ್ದರು. ಕೊನೆಯಲ್ಲಿ ಒಂದು ನಗುವ ಮುಖ ಬೇರೆ ಅಂಟಿಸಿದ್ದರು. ಆ ನಗುಮುಖ ಕಂಡು ನನಗೆ ಬಂದ ಸಿಟ್ಟಿಗೆ ಅಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಎರಡು ಪಾತ್ರೆ ನೆಗ್ಗಿದವು.

ಕೋಟೆ ಎಂದರೆ ಕಲ್ಲುಗಾರೆಯದಲ್ಲ. ಹಿಲ್‌ಕೀಪ್ ಎಂಬ ವಿಡಿಯೊ ಗೇಮಿನೊಳಗೆ ಹನ್ನೊಂದು ವರ್ಷ ಕೂತು ಕಟ್ಟಿದ್ದು. ಅದಕ್ಕೆ ನಮ್ಮ ಚಿಂತಾಮಣಿ ಕಡೆಯ ಬೆಟ್ಟದ ಹೆಸರು, ಅಂಬಾಜಿದುರ್ಗ ಎಂದೇ ಇಟ್ಟಿದ್ದೇನೆ. ನಾನು ಶ್ರೀವಲ್ಲಿ, ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು, ವಯಸ್ಸು ಮೂವತ್ತೆಂಟು. ಈ ಹುಚ್ಚು ಹಿಡಿದದ್ದು ಚಿಂತಾಮಣಿಯಲ್ಲಿ ಪಿಯುಸಿ ಓದುವಾಗ, ಗಂಟೆಗೆ ಹದಿನೈದು ರೂಪಾಯಿಯ ಸೈಬರ್ ಸೆಂಟರಿನಲ್ಲಿ. ಮೊದಲ ಸಂಬಳ ಬಂದ ದಿನ ಬೆಂಗಳೂರಿಗೆ ಬಸ್ಸು ಹತ್ತಿ ಹೋಗಿ ಗೇಮಿನ ಡಬ್ಬಿ ಕೊಂಡು ತಂದೆ. ಅದರಲ್ಲಿ ಸಿ.ಡಿ. ಇತ್ತು, ಎಂಬತ್ತು ಪುಟದ ಪುಸ್ತಕ ಇತ್ತು, ಬಟ್ಟೆಯ ಮೇಲೆ ಅಚ್ಚು ಹಾಕಿದ ನಕ್ಷೆ ಇತ್ತು. ಕುದುರೆ, ಹಸು, ಸೈನ್ಯ ಎಲ್ಲ ಒಳಗೇ ಇದ್ದವು. ಕೊಟ್ಟ ದುಡ್ಡಿಗೆ ಮೋಸವಿರಲಿಲ್ಲ.

ಈಗ ಕೇಳಿ. ಹೊಸ ಭಾಗಕ್ಕೆ ಐದು ಸಾವಿರದ ನಾನೂರ ತೊಂಬತ್ತೊಂಬತ್ತು. ಕುದುರೆ ಬೇರೆ. ಕುದುರೆಯ ಬಣ್ಣ ಬೇರೆ. ಎಲ್ಲರಿಗಿಂತ ಮೂರು ದಿನ ಮುಂಚೆ ಆಡಬೇಕಾದರೆ ಸಾವಿರದೈನೂರು ಬೇರೆ. ಇದನ್ನೆಲ್ಲ ಹಲ್ಲು ಕಚ್ಚಿ ಸಹಿಸಬಹುದಿತ್ತು. ಆದರೆ ನಾವು ಕಟ್ಟಿದ್ದೆಲ್ಲ ಇರುವ ಹಳೆಯ ಭಾಗದ ಸರ್ವರನ್ನೇ ಭಾನುವಾರ ಮುಚ್ಚುತ್ತಾರಂತೆ. ಅದರೊಂದಿಗೆ ನನ್ನ ಕೋಟೆಯೂ ಹೋಗುತ್ತದೆ. ಹೊಸದರೊಳಕ್ಕೆ ಸಾಗಿಸಬೇಕೆಂದರೆ ಎಂಟು ಸಾವಿರದ 'ಮಹಾರಾಜ ಆವೃತ್ತಿ'ಯನ್ನೇ ಕೊಳ್ಳಬೇಕು. ನಾನು ಕಟ್ಟಿದ ಮನೆಗೆ ನನ್ನನ್ನೇ ಕಾಸು ಕೊಟ್ಟು ಬಾ ಎನ್ನುವ ಧಿಮಾಕು! ಆ ಆವೃತ್ತಿಯನ್ನು ಮಾತ್ರ ಸತ್ತರೂ ಕೊಳ್ಳುವುದಿಲ್ಲ ಎಂದು ಅಭಿಮಾನಿಗಳ ಗುಂಪಿನಲ್ಲಿ ಬರೆದೂ ಬಿಟ್ಟಿದ್ದೆ.

"ಏನೇ ವಲ್ಲಿ, ಪಾತ್ರೆ ಮೇಲ್ಯಾಕೆ ಕೋಪ?" ಎಂದರು ಅತ್ತೆ.

ನಮ್ಮ ಅತ್ತೆ ಪದ್ಮಮ್ಮನವರನ್ನು ಅರಿಯದ ತರಕಾರಿಯವರು ಈ ಊರಿನಲ್ಲಿಲ್ಲ. ಬಸ್‌ ಸ್ಟ್ಯಾಂಡಿನ ಹತ್ತಿರ ಸೊಪ್ಪು ಮಾರುವ ಕೊಂಡಮ್ಮ, ಇವರು ದೂರದಲ್ಲಿ ಕಂಡ ಕೂಡಲೇ ಒಂದು ಹಿಡಿ ಕೊತ್ತಂಬರಿಯನ್ನು ಕೊಸರಿಗೆಂದು ಪಕ್ಕಕ್ಕೆ ಎತ್ತಿಡುತ್ತಾಳೆ. ತೂಗಿದ ಮೇಲೆ ಪುಕ್ಕಟೆ ಹಾಕುವ ಆ ಒಂದು ಹಿಡಿ ಬೀಳದೆ ಅತ್ತೆಯ ಚೀಲದ ಬಾಯಿ ಮುಚ್ಚುವುದಿಲ್ಲ.

ಹಾಗಾಗಿ ಅವರಿಗೆ ಅರ್ಥವಾಗುವಂತೆ ಹೇಳಿದೆ. "ಕೊಂಡಮ್ಮ ಸೊಪ್ಪಿನ ರೇಟು ಎರಡರಷ್ಟು ಮಾಡಿ, ಆಮೇಲೆ ಕೊಸರಿಗೂ ದುಡ್ಡು ಕೇಳಿದ್ರೆ ಹೆಂಗಿರುತ್ತೆ ಅತ್ತೆ? ಹಂಗೆ ಇದು."

ಅತ್ತೆ ಬಿಡಿಸುತ್ತಿದ್ದ ಅವರೆಕಾಯಿ ಕೈಯಲ್ಲೇ ನಿಂತಿತು. "ಕೊಸರಿಗೆ ದುಡ್ಡಾ! ಏನ್ ಕಾಲ ಬಂತಪ್ಪ! ನೀನೇನಂದೆ ಅವ್ರಿಗೆ?"

"ಬೇಕಾದಷ್ಟು ಬೈದಿದ್ದೀನಿ. ಇಂಟರ್‌ನೆಟ್ಟಲ್ಲಿ ಬರೆದಿದ್ದೀನಿ."

"ಬೈಯೋದಿರಲಿ. ಕಮ್ಮಿ ಮಾಡ್ಕೊಡಿ ಅಂತ ಕೇಳಿದ್ಯಾ?"

ಇಪ್ಪತ್ತೆರಡು ವರ್ಷಗಳಲ್ಲಿ ಆ ಕಂಪನಿಯನ್ನು ಸಾವಿರ ಸಲ ಬೈದಿದ್ದೆ. ಅದರ ಏಳು ಜನ್ಮ ಜಾಲಾಡಿದ್ದೆ. ಆದರೆ ಕಮ್ಮಿ ಮಾಡಿ ಎಂದು ಒಮ್ಮೆಯೂ ಕೇಳಿರಲಿಲ್ಲ.

"ಅದು ಫಿಕ್ಸೆಡ್ ರೇಟು ಅತ್ತೆ."

"ಫಿಕ್ಸೆಡ್ ರೇಟು ಅಂತ ಬೋರ್ಡ್ ಹಾಕಿರೋ ಅಂಗಡೀಲೇ ಕಣೇ ನಿನ್ ಮದ್ವೆ ಸೀರೆ ತಂದಿದ್ದು," ಎಂದು ಅತ್ತೆ ಅವರೆಕಾಯಿಗೆ ಮರಳಿದರು. "ಕೇಳೋಕೇನು ರೋಗ? ಭಾನುವಾರ ನಾನೇ ಕೂತ್ಕೊಳ್ತೀನಿ."

ಭಾನುವಾರ ಬಂತು. ಸರ್ವರ್ ಮುಚ್ಚುವುದು ಕಂಪನಿಯ ಊರಿನ ನಡುರಾತ್ರಿಗೆ, ನಮಗೆ ಮಧ್ಯಾಹ್ನ ಹನ್ನೆರಡೂವರೆಗೆ. ಹನ್ನೊಂದೂವರೆಗೆ ಅತ್ತೆ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಮಾರ್ಕೆಟ್ಟಿಗೆ ಉಡುವ ಸೀರೆಯುಟ್ಟು ಲ್ಯಾಪ್‌ಟಾಪಿನ ಮುಂದೆ ಕೂತರು. ಅವರು ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಚಾಟಿಗೆ ಹಾಕುವುದು ಎಂದಾಗಿತ್ತು.

ಮೊದಲು ಬಂದದ್ದು ಕಂಪ್ಯೂಟರಿನ ತಯಾರು ಉತ್ತರ: ನಿಮ್ಮ ತಾಳ್ಮೆಗೆ ಧನ್ಯವಾದ.

"ನೋಡು, ಎಷ್ಟು ಮರ್ಯಾದೆ ಹುಡ್ಗ," ಎಂದರು ಅತ್ತೆ.

"ಅದು ಮನುಷ್ಯ ಅಲ್ಲ ಅತ್ತೆ, ಮಿಷಿನ್ನು."

"ಅದಕ್ಕೇ ತಾಳ್ಮೆ ಅಂತಿದೆ. ಮನುಷ್ಯರನ್ನ ಕರಿಯೋಕ್ ಹೇಳು."

ಹತ್ತು ನಿಮಿಷ ಕಾದ ಮೇಲೆ ಚೈತನ್ಯ ಎಂಬ ಹೆಸರಿನವನು ಬಂದು, ಏನು ಸಹಾಯ ಬೇಕು ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾನು ಕೋಟೆಯ ಕಥೆಯೆಲ್ಲ ಕಾರಿಕೊಳ್ಳಲು ಬೆರಳನ್ನು ಕೀಲಿಗಳ ಮೇಲಿಟ್ಟೆ. ಅತ್ತೆ ನನ್ನ ಕೈ ಹಿಡಿದರು.

"ಮೊದ್ಲು ಊಟ ಆಯ್ತಾ ಅಂತ ಕೇಳು."

ಕೇಳಿದೆ. ಇನ್ನೂ ಇಲ್ಲ ಮೇಡಂ ಎಂದು ಬಂತು.

ಆಮೇಲೆ ಅತ್ತೆ ಶುರು ಹಚ್ಚಿಕೊಂಡರು. ಮೊದಲು ಸರಕಿನಲ್ಲಿ ಹುಳುಕು ತೆಗೆದರು: ಕುದುರೆ ಇಲ್ಲದ ರಾಜ, ಬಣ್ಣವಿಲ್ಲದ ಕುದುರೆ, ಇಂಥದ್ದನ್ನು ಐದೂವರೆ ಸಾವಿರಕ್ಕೆ ಯಾರು ಕೊಳ್ಳುತ್ತಾರೆ? ನಂತರ ನಮ್ಮ ಹಿರಿತನ ಸಾರಿದರು: ಇಪ್ಪತ್ತೆರಡು ವರ್ಷದಿಂದ ನಿಮ್ಮದೇ ಅಂಗಡಿ, ಒಮ್ಮೆಯೂ ಬೇರೆ ಬಾಗಿಲಿಗೆ ಹೋದವಳಲ್ಲ ನಮ್ಮ ಸೊಸೆ. ಕೊನೆಗೆ ವಿಷಯಕ್ಕೆ ಬಂದರು: ಮಾಮೂಲು ಗೇಮ್ ಕೊಳ್ಳುತ್ತೇವೆ, ಕೋಟೆಯನ್ನು ಕೊಸರಿಗೆ ಹಾಕು. ಕೊಸರಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕೋ ನನಗೆ ತೋಚಲಿಲ್ಲ. ಕೊಸರು ಎಂದೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದೆ.

ಕ್ಷಮಿಸಿ, ಕಂಪನಿಯ ನಿಯಮದಲ್ಲಿ ಅವಕಾಶವಿಲ್ಲ ಎಂದ ಚೈತನ್ಯ. ಗಂಟೆ ಹನ್ನೆರಡು ಐದು.

"ಸರಿ. ಮುಚ್ಚು ಕಂಪ್ಯೂಟ್ರು," ಎಂದರು ಅತ್ತೆ. "ಎದ್ದು ಹೋಗಣ."

"ಅತ್ತೆ! ಇಪ್ಪತ್ತೈದೇ ನಿಮಿಷ ಇದೆ!"

"ಕೂತಿದ್ರೆ ಯಾರೂ ಇಳಿಸಲ್ಲ ಕಣೇ. ಏಳು."

ಮದುವೆಯಾದ ವರ್ಷ ಕಟ್ಟಿದ ಹೆಬ್ಬಾಗಿಲು, ಮಗು ನಿಲ್ಲದೆ ಹೋದ ವರ್ಷ ರಜೆಯಲ್ಲಿ ಕೂತು ಕಟ್ಟಿದ ಉತ್ತರದ ಬುರುಜು, ಎಲ್ಲ ಆ ಮುಚ್ಚಳದ ಕೆಳಗಿತ್ತು. ಎಂಟು ಸಾವಿರ ಬಿಸಾಕಿ ಉಳಿಸಿಕೊಂಡು ಬಿಡಲೇ, ಮಾನ ಹೋದರೆ ಹೋಗಲಿ ಎಂದೂ ಅನ್ನಿಸಿತು. ಆದರೆ ಅತ್ತೆ ಆಗಲೇ ಚಪ್ಪಲಿ ಮೆಟ್ಟಿದ್ದರು. ಮುಚ್ಚಿದೆ.

"ರಾಗಿ ಮಿಲ್ಲಿನ ತನ್ಕ ತಿರುಗಿ ನೋಡ್ಬಾರದು," ಎಂದು ಅತ್ತೆ ಬೀದಿಗಿಳಿದರು. ಹಿಪ್ಪುನೇರಳೆ ಸೊಪ್ಪು ಹೇರಿದ ಆಟೋವೊಂದು ನಮ್ಮನ್ನು ಉಜ್ಜಿಕೊಂಡೇ ಹೋಯಿತು. ನೂಲು ತೆಗೆಯುವ ಮನೆಗಳಿಂದ ರೇಷ್ಮೆಗೂಡು ಬೇಯುವ ವಾಸನೆ ಬರುತ್ತಿತ್ತು. ನಾಲ್ಕು ಮನೆ ದಾಟಿಲ್ಲ, ಫೋನು ಟಿಂಗ್ ಎಂದಿತು. ಕಂಪನಿಯ ಇಮೇಲು: ಹೋಗಬೇಡಿ, ಮಹಾರಾಜ ಆವೃತ್ತಿಗೆ ನಿಮಗಾಗಿ ಶೇಕಡಾ ಹತ್ತು ರಿಯಾಯಿತಿ!

"ಅತ್ತೆ, ಕರೀತಿದ್ದಾರೆ!"

"ಮೊದಲ್ನೇ ಕೂಗಿಗೆ ತಿರುಗ್ಬಾರದು ಕಣೇ, ನಡಿ."

ನಡೆದೆ. ಹನ್ನೆರಡು ಹನ್ನೊಂದು. ಹನ್ನೆರಡು ಹದಿನಾಲ್ಕು. ರಾಗಿ ಮಿಲ್ಲು ಬಂತು. ಮಿಲ್ಲಿನ ಸದ್ದಿನಲ್ಲಿ ಎರಡನೇ ಟಿಂಗ್ ನನಗೆ ಕೇಳಲೇ ಇಲ್ಲ. ಕೈಯಲ್ಲಿ ಫೋನು ನಡುಗಿದಾಗ ತಿಳಿಯಿತು. ಈ ಸಲ ಬರೆದವನು ಚೈತನ್ಯ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಗಟ್ಟಿಯಾಗಿ ಓದಿದೆ.

"ಅಮ್ಮಾ, ನಾನು ಗೌರಿಬಿದನೂರಿನೋನು. ನಮ್ಮಜ್ಜಿನೂ ಸಂತೇಲಿ ಹಿಂಗೇ ಎದ್ದು ಹೋಗೋರು. ರೇಟು ಇಳಿಸೋ ಅಧಿಕಾರ ನಂಗಿಲ್ಲ. ಆದ್ರೆ ಒಬ್ಬ ಗಿರಾಕಿಗೆ ಒಂದು ಸಲ ಒಂದು ಐಟಂ ಸುಮ್ನೆ ಕೊಡಬೋದು ಅಂತ ಇದೆ. ಇದುವರ್ಗೂ ಯಾರ್ಗೂ ಕೊಟ್ಟಿಲ್ಲ. ಎಲ್ಲಾ ಬೈಯೋರೇ. ಊಟ ಆಯ್ತಾ ಅಂತ ಕೇಳಿದ್ದು ನೀವೇ. ಮಾಮೂಲು ಗೇಮ್ ತಗೊಳ್ಳಿ, ಕೋಟೆ ಕೊಸರಿಗೆ ಹಾಕ್ತೀನಿ. ಬೇಗ ಬನ್ನಿ."

ಆ ಬೈಯುವವರಲ್ಲಿ ನಾನೂ ಒಬ್ಬಳು. ನಾಚಿಕೆಯಾಯಿತು. ಆದರೆ ನಾಚಿಕೆಪಡಲು ಹೊತ್ತಿರಲಿಲ್ಲ.

"ಈಗ ತಿರುಗು," ಎಂದರು ಅತ್ತೆ. ಅರವತ್ತೇಳರ ಆ ಹೆಂಗಸು ನೆರಿಗೆ ಎತ್ತಿಕಟ್ಟಿ ನನಗಿಂತ ಮುಂದೆ ಓಡಿದರು! ಮನೆ ಸೇರಿದಾಗ ಹನ್ನೆರಡು ಇಪ್ಪತ್ತೊಂದು. ಕಾರ್ಡಿನ ನಂಬರು ಹಾಕಿದೆ. ಓಟಿಪಿ ನನ್ನ ಗಂಡ ಗಣೇಶ್ ಪ್ರಸಾದರ ಫೋನಿಗೆ ಹೋಯಿತು. ಗಣೇಶ್ ಪ್ರಸಾದರು ಫೋನಿನ ಸಮೇತ ಬಚ್ಚಲಿನಲ್ಲಿದ್ದರು.

"ಏನೋ ಗಣೇಶ, ನಂಬರ್ ಹೇಳೋ! ಕೋಟೆ ಹೋಗ್ತದೆ!" ಎಂದು ಅತ್ತೆ ಬಾಗಿಲು ಬಡಿದರು.

"ಯಾವ ಕೋಟೆ ಅಮ್ಮಾ?" ಎಂದಿತು ಒಳಗಿನ ದನಿ.

"ನಂಬರ್ ಹೇಳೋ ಅಂದ್ರೆ!"

ಹೇಳಿದರು. ದುಡ್ಡು ಹೋಯಿತು, ಚೈತನ್ಯ ಕೋಟೆಯನ್ನು ಹೊಸ ಗೇಮಿಗೆ ದಾಟಿಸಿದ. ಹನ್ನೆರಡು ಇಪ್ಪತ್ತೇಳಕ್ಕೆ ತೆರೆಯ ಮೇಲೆ ಮಂಜು ಸರಿದು ಅಂಬಾಜಿದುರ್ಗ ಕಾಣಿಸಿತು: ಹೆಬ್ಬಾಗಿಲು, ಏಳು ಸುತ್ತು, ಉತ್ತರದ ಬುರುಜು. ನಾನು ಕುಣಿದೆ. ನಿಜವಾಗಿ ಕುಣಿದೆ, ಅತ್ತೆಯ ಎರಡೂ ಕೈ ಹಿಡಿದು.

ಅತ್ತೆ ನನ್ನ ಕೋಟೆಯನ್ನು ನೋಡಿದ್ದು ಅದೇ ಮೊದಲು. ಹನ್ನೊಂದು ವರ್ಷ ಸೊಸೆ ಕಂಪ್ಯೂಟರಿನಲ್ಲಿ ಏನೋ ಕುಟ್ಟುತ್ತಾಳೆ ಎಂದಷ್ಟೇ ಅವರಿಗೆ ಗೊತ್ತಿತ್ತು. ಕನ್ನಡಕ ಒರೆಸಿಕೊಂಡು ಪ್ರತಿ ಬಾಗಿಲಲ್ಲೂ ನಿಂತು ನೋಡಿದರು. ಬುರುಜಿನ ಮೇಲೆ ಕೆತ್ತಿದ್ದ ವರ್ಷವನ್ನು ಬೆರಳಿಟ್ಟು ಓದಿದರು. ನನ್ನ ಬೆನ್ನ ಮೇಲೆ ಒಂದು ಸಲ ಕೈಯಾಡಿಸಿದರು.

"ಇಷ್ಟು ದೊಡ್ಡ ಮನೆ ಕಟ್ಟಿದ್ದೀಯ," ಎಂದರು ಕೊನೆಗೆ. "ಒಂದು ಹಸು ಇಲ್ವಲ್ಲೇ?"

"ಹೊಸ ಗೇಮಲ್ಲಿ ಹಸು ಬೇರೆ ಅತ್ತೆ. ಇನ್ನೂರ ತೊಂಬತ್ತೊಂಬತ್ತು."

ಅತ್ತೆ ಸೊಂಟದ ಪರ್ಸು ಬಿಚ್ಚಿ ನೂರರ ಮೂರು ನೋಟು ನನ್ನ ಕೈಗಿಟ್ಟರು. ನಾನು ಬೆರಗಾದೆ. "ಚೌಕಾಸಿ ಮಾಡಲ್ವಾ?"

"ಕೊಸರು ಹಾಕಿದ ಅಂಗಡಿ ಕಣೇ. ಮುಂದಿನ್ ಸಲ ಕೇಳಿದ್ ರೇಟು ಕೊಟ್ಟು ಬರ್ಬೇಕು. ಕೊಸರು ಯಾಕ್ ಹಾಕ್ತಾರೆ ಅಂದ್ಕೊಂಡೆ?"

ಇಪ್ಪತ್ತೆರಡು ವರ್ಷ ನಾನು ಸಾವಿರ ಸಾಲು ಬರೆದು ಕಂಪನಿಗೆ ತಿಳಿಸಲಾಗದೆ ಹೋದದ್ದು ಇಷ್ಟೇ. ಹಸು ಕೊಂಡೆ. ಬಿಳಿ ಹಸು, ಒಳ್ಳೆ ಕೊಂಬು, ತುಂಬಿದ ಕೆಚ್ಚಲು. ಅಂಗಳದಲ್ಲಿ ಬಂದು ನಿಂತು ಅಂಬಾ ಎಂದಿತು. ಅತ್ತೆಯ ಮುಖ ಅರಳಿತು. ಆಮೇಲೆ ಹಸುವಿನ ಹಿಂದೆ ನೋಡಿದರು, ಮುಂದೆ ನೋಡಿದರು.

"ಕರು ಎಲ್ಲೇ?"

ನಾನು ಪಟ್ಟಿ ನೋಡಿ ಮೆಲ್ಲಗೆ ಹೇಳಿದೆ. "ಕರು ಬೇರೆ ಅತ್ತೆ. ನೂರ ನಲವತ್ತೊಂಬತ್ತು."

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕುರ್ಚಿಯನ್ನು ಲ್ಯಾಪ್‌ಟಾಪಿನ ಹತ್ತಿರಕ್ಕೆ ಎಳೆದುಕೊಂಡರು.

"ಕರು ಬಿಡಿಸಿ ಹಸು ಮಾರ್ತಾರಾ? ಆ ಹುಡುಗಂದು ಊಟ ಆಯ್ತಾ ಕೇಳು."