ಮಿಸ್ಡ್ ಕಾಲ್ ಕೊಡುವ ಪೆಟ್ಟಿಗೆ

ಬೆಳಿಗ್ಗೆ ಹತ್ತೂವರೆ. ಸನತ್‌ನಗರದ ಇರಾನಿ ಹೋಟೆಲಿನ ಮೇಜಿನ ಮೇಲೆ ಕೃಷ್ಣಾಬಾಯಿಯವರ ಫೋನು ಸುಮ್ಮನೆ ಬಿದ್ದಿತ್ತು.

ಅವರ ಎದುರಿಗೆ ಕೂತಿದ್ದ ಶಾಂಭವಿ ಚಹಾ ಮುಟ್ಟಿರಲಿಲ್ಲ. ಪ್ಲಾಸ್ಟಿಕ್ ಮುಚ್ಚಳ ತಯಾರಿಸುವ ಕೃಷ್ಣಾಬಾಯಿಯವರ ಕಾರ್ಖಾನೆ ಎರಡು ಗಲ್ಲಿಯಾಚೆ ಇತ್ತು. ಅಲ್ಲಿಯ ಕಂಪ್ರೆಸರ್ ನಿಂತರೆ ಮಾಲಕಿಗೆ ಸುದ್ದಿ ಮುಟ್ಟಿಸುವ ಪೆಟ್ಟಿಗೆಯನ್ನು ಕಟ್ಟಿದವಳು ಶಾಂಭವಿ; ಗಿರಾಕಿಗಳನ್ನು ನೋಡಿಕೊಳ್ಳುವವನು ಅವಳ ಪಕ್ಕದಲ್ಲೇ ಕೂತಿದ್ದ ಪಾಲುದಾರ ವಿಶ್ವಜಿತ್. ಅದು 2006. ಇವತ್ತು ಮಾಲಕಿಯ ಪರೀಕ್ಷೆಯಲ್ಲಿ ಪೆಟ್ಟಿಗೆ ಸೋತರೆ ಅವರ ಪುಟ್ಟ ಕಂಪನಿ ಅದನ್ನು ಕೈಬಿಟ್ಟು, ಕಂಡವರ ವೆಬ್‌ಸೈಟ್ ಮಾಡಿಕೊಂಡು ಬದುಕಬೇಕಿತ್ತು.

ಮೊದಲ ಪೆಟ್ಟಿಗೆಯಲ್ಲಿ ಶಾಂಭವಿಯ ಮಾತೇ ನಡೆದಿತ್ತು. ಯಂತ್ರದ ಶಾಖ, ಅದುರಾಟ, ಕರೆಂಟು ಎಲ್ಲವೂ ಕಂಪ್ಯೂಟರಿನಲ್ಲಿ ಗೆರೆಗಳಾಗಿ ಮೂಡುತ್ತಿದ್ದವು. ಕೃಷ್ಣಾಬಾಯಿ ಅದನ್ನು ಒಮ್ಮೆಯೂ ತೆರೆದು ನೋಡಲಿಲ್ಲ.

"ಗೆರಿ ಯಾರಿಗೆ ಬೇಕಾಗ್ಯಾವ? ಮಿಸ್ಡ್ ಕಾಲ್ ಕೊಡಲಿ. ಊರಿಗೆ ಊರ ಅದರಾಗ ಮಾತಾಡತೈತಿ" ಎಂದು ವಿಶ್ವಜಿತ್ ಹಟ ಹಿಡಿದ. ಅವಸರದಲ್ಲಿ ಕೂರಿಸಿದ ಆ ಎರಡನೆಯ ಪೆಟ್ಟಿಗೆ ಕರೆಂಟು ಕಣ್ಣು ಮಿಟುಕಿಸಿದಾಗಲೆಲ್ಲ ರಿಂಗ್ ಕೊಟ್ಟು, ಮದುವೆಯೂಟಕ್ಕೆ ಕೂತಿದ್ದ ಮಾಲಕಿಯನ್ನು ಎಲೆಯ ಮುಂದಿನಿಂದ ಎಬ್ಬಿಸಿತು. ಓಡಿಬಂದು ನೋಡಿದರೆ ಕಂಪ್ರೆಸರ್ ತನ್ನ ಪಾಡಿಗೆ ಓಡುತ್ತಿತ್ತು.

ಆಮೇಲೆ ಇಬ್ಬರೂ ಮನಸಾರೆ ಜಗಳವಾಡಿದರು. ಕೊನೆಗೆ ಶಾಂಭವಿ ಗೆರೆಗಳನ್ನು ಕಿತ್ತುಹಾಕಿದಳು. ವಿಶ್ವಜಿತ್ ಅವಳು ಕೇಳಿದಷ್ಟು ಸಮಯ ಕೊಟ್ಟು, ಹೊಸ ಗಿರಾಕಿಗಳನ್ನು ತಡೆದು ನಿಲ್ಲಿಸಿದ. ಈಗಿನ ಪೆಟ್ಟಿಗೆ ಒಂದು ನಿಮಿಷ ಕಾಯುತ್ತದೆ. ಅಷ್ಟರಲ್ಲಿ ಯಂತ್ರ ತಿರುಗಿ ಓಡದಿದ್ದರೆ ಮಾತ್ರ ರಿಂಗ್ ಕೊಡುತ್ತದೆ.

"ಏನವಾ, ನಿನ್ನ ಡಬ್ಬಿಗಿ ನಿದ್ದಿ ಬಂತೇನು?" ಕೃಷ್ಣಾಬಾಯಿ ಕೇಳಿದರು. "ಸ್ವಿಚ್ ಬಂದ್ ಮಾಡಿ, ನಿಮಿಷ ಆಗೂದ್ರಾಗ ಗಡಾನ ಚಾಲೂ ಮಾಡಂತ ಕಾರ್ಖಾನಿ ಹುಡುಗ ಮಲ್ಲುಗ ಹೇಳಿ ಬಂದೀನಿ. ಎರಡ ಸಲ ಮಾಡಿರಬೇಕು ಇಷ್ಟೊತ್ತಿಗೆ."

ವಿಶ್ವಜಿತ್ ಬಿಳಿಚಿಕೊಂಡ. "ಅಕ್ಕಾರ, ಮೊದಲ ಹೇಳಬಾರದೇನ್ರಿ?"

"ಹೇಳಿದ್ರ ಪರೀಕ್ಷಾ ಹೆಂಗಾಗತೈತಪಾ?"

"ರಿಂಗ್ ಬರಬಾರದ್ರಿ ಅಕ್ಕಾರ," ಶಾಂಭವಿ ಅಂದಳು. "ಮಶೀನ್ ಓಡಾಕತ್ತೈತಲ್ರಿ."

"ಹಂಗಾದ್ರ ಖರೇನ ನಿಂತರ? ಅದನ್ನೂ ಹೇಳೀನಿ. ಈಗ ನಿಂತಿರತೈತಿ."

ಮೂವರೂ ಫೋನನ್ನೇ ನೋಡಿದರು.

"ನಿನ್ನ ಒಂದ್ ನಿಮಿಷ ಭಾಳ ಉದ್ದ ಐತಲ್ಲ," ವಿಶ್ವಜಿತ್ ಗೊಣಗಿದ.

"ನೀ ಸುಮ್ಮನ ಬಿಸ್ಕೀಟ ತಿನ್ನು."

ಫೋನು ಅದುರಿತು. ಒಮ್ಮೆ ಕೂಗಿ ಕಟ್ಟಾಯಿತು.

ಕೃಷ್ಣಾಬಾಯಿ ಕಾರ್ಖಾನೆಗೆ ಫೋನು ಹಚ್ಚಿದರು. "ಮಲ್ಲೂ, ಬಂದ್ ಐತೇನೋ?"

"ಹೂಂನ್ರಿ, ಬಂದ್ ಮಾಡಿ ನಿಂತೀನಿ," ಎಂಬ ಉತ್ತರ ಪಕ್ಕದ ಮೇಜಿನವರೆಗೂ ಕೇಳಿಸಿತು.

ಕೃಷ್ಣಾಬಾಯಿ ಮೇಜನ್ನು ಗುದ್ದಿದ ರಭಸಕ್ಕೆ ಬಸಿಗಳು ಕುಣಿದವು. "ಆ ಮದುವ್ಯಾಗ ಬಿಟ್ಟು ಎದ್ದ ಹೋಳಿಗಿ ಐತಲ್ಲ, ಇವತ್ತ ಮನ್ಯಾಗ ಮಾಡಸ್ತೀನಿ. ಇಬ್ಬರೂ ಊಟಕ್ಕ ಬರ್ರಿ!"

ಶಾಂಭವಿ ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿದಳು. ಅಷ್ಟು ರುಚಿಯಾದ ಚಹಾವನ್ನು ಅವಳು ಎಂದೂ ಕುಡಿದಿರಲಿಲ್ಲ.

ಆ ವಾರವೇ ಕೃಷ್ಣಾಬಾಯಿಯವರ ಗಲ್ಲಿಯ ಇನ್ನೂ ನಾಲ್ಕು ಕಾರ್ಖಾನೆಗಳಿಗೆ ಪೆಟ್ಟಿಗೆ ಹೋಯಿತು. ವೆಬ್‌ಸೈಟ್ ಮಾಡಿಸಲು ಬಂದವರನ್ನು ವಿಶ್ವಜಿತ್ ವಾಪಸು ಕಳಿಸಿದ.